ಗಾಯಕ್ಕೆ ಜೇನು, ಜೇನಿಗೆ ಇರುವೆ

ನಮ್ಮ ಕಡೆ ಯಾರಾದರೂ ಕೈ ಕುಯ್ದುಕೊಂಡರು ಅಂತಿಟ್ಟುಕೊಳ್ಳಿ. ರಕ್ತ ನೆಲ ಮುಟ್ಟೋದಕ್ಕೆ ಮುಂಚೆಯೇ ಅಡುಗೆಮನೆ ಕಡೆಯಿಂದ ಒಂದು ದನಿ, ಬೀದಿ ಕಡೆಯಿಂದ ಒಂದು ದನಿ ಏಳುತ್ತೆ: "ಜೇನುತುಪ್ಪ ಎಲ್ಲಮ್ಮೀ?" ಆಸ್ಪತ್ರೆ ನೆನಪಾಗೋದು ಆಮೇಲೆ. ಅಷ್ಟರಲ್ಲಿ ಏನಾದರೊಂದು ಆಗಿರುತ್ತೆ. ಆಗದೇ ಇರೋ ವಾರವನ್ನು ನಾನಂತೂ ಕಂಡಿಲ್ಲ.

ನಾನು ನರ್ಸು. ಕೆಲಸಕ್ಕೆ ಸೇರಿದ್ದು ಯಳಂದೂರು ಕಡೆ, ಈಗ ಇರೋದು ಹನೂರು ಕಡೆ, ಮನೆ ಕೊಳ್ಳೇಗಾಲದಲ್ಲಿ. ಮೂರು ಕಡೆಗೂ ಬೆಟ್ಟ ಹತ್ತಿರ, ಆದ್ದರಿಂದ ಬೆಟ್ಟದ ಜೇನೂ ಹತ್ತಿರ. ಅಕ್ಕಿ ಇಲ್ಲದ ಮನೆ ಇದ್ದೀತು, ಗೋಡೆಯ ಗೂಡಿನಲ್ಲಿ ಒಂದು ಬಾಟಲಿ ಜೇನು ಇಲ್ಲದ ಮನೆ ಇರಲಿಕ್ಕಿಲ್ಲ. ಹಾಗಾಗಿ ಡ್ರೆಸ್ಸಿಂಗ್ ರೂಮಿನಲ್ಲಿ ನನ್ನ ಗ್ಲೌಸು ಅಂಟಂಟು.

ಜೇನಿನ ಮೇಲೆ ನನಗೇನೂ ಸಿಟ್ಟಿಲ್ಲ. ನಮ್ಮಜ್ಜಿ ನನ್ನ ಮೊಣಕಾಲಿಗೆಲ್ಲ ಅದನ್ನೇ ಸವರಿ ಬೆಳೆಸಿದ್ದು. ಸಣ್ಣ ತರಚು ಗಾಯವಾದರೆ ಚೆನ್ನಾಗಿ ನೀರಲ್ಲಿ ತೊಳೆದು, ಒಂದು ತೊಟ್ಟು ಸವರಿ, ಮೇಲೊಂದು ಶುದ್ಧವಾದ ಬಟ್ಟೆ ಕಟ್ಟಿದರೆ ನಾನು ಬೇಡ ಅನ್ನೋದಿಲ್ಲ. ಆಳದ ಗಾಯಕ್ಕೆ ಬೇಡ, ಆಸ್ಪತ್ರೆಗೆ ಬನ್ನಿ ಅಂತೀನಿ. ಆದರೆ ತೊಂದರೆ ಇರೋದು ಜೇನಿನಲ್ಲಿ ಅಲ್ಲ. ಅದನ್ನು ಹಚ್ಚೋರಲ್ಲಿ.

ಪಕ್ಕದ ಸೀಟು

ಅಜ್ಜೀಪುರದ ಕಡೆಯ ರೈತರೊಬ್ಬರು. ಎಮ್ಮೆಗೆ ಹುಲ್ಲು ಕುಯ್ಯುವಾಗ ಕುಡುಗೋಲು ಜಾರಿ ಎಡಗೈ ಹೆಬ್ಬೆರಳಿನ ಬುಡಕ್ಕೆ ತಾಗಿತ್ತು. ಗಾಯ ಆಳವಿರಲಿಲ್ಲ. ಹೆಂಡತಿ ಓಡಿಬಂದು ಜೇನು ಹಚ್ಚಿದ್ದಾರೆ. ಹಚ್ಚಿದ್ದು ಅಂದರೆ ಸವರಿದ್ದಲ್ಲ, ಮುದ್ದೆ ಮೇಲೆ ತುಪ್ಪ ಬಿಟ್ಟ ಹಾಗೆ ಧಾರಾಳವಾಗಿ ಬಿಟ್ಟಿದ್ದಾರೆ. "ಗಾಳಿ ಆಡ್ಲಿ ಬುಡಿ" ಅಂತ ಮೇಲೆ ಬಟ್ಟೆಯನ್ನೂ ಕಟ್ಟಿಲ್ಲ. ಇವರು ಊಟ ಮುಗಿಸಿ ಜಗುಲಿ ಮೇಲೆ ಮಲಗಿ, ಗಾಯದ ಕೈಯನ್ನು ಅಂಗಳಕ್ಕೆ ಇಳಿಬಿಟ್ಟು ಗೊರಕೆ ಹೊಡೆದಿದ್ದಾರೆ.

ಎದ್ದು ನೋಡಿದರೆ ಕೈ ಕಪ್ಪಗಿದೆ. ನಂಜು ಏರಿಬಿಟ್ಟಿತು ಅಂತ ಗಾಬರಿಯಾಗಿ ಕಿರುಚಿದ್ದಾರೆ. ಹೆಂಡತಿ ಹತ್ತಿರ ಬಂದು ನೋಡಿದರೆ ಆ ಕಪ್ಪು ಓಡಾಡ್ತಾ ಇದೆ. ಇರುವೆ! ಕೊಡವಿದ್ದಾರೆ, ಒರೆಸಿದ್ದಾರೆ. ಹೋದಷ್ಟು ಹೋದವು, ಉಳಿದವು ಅಂಗಿ ತೋಳಿನೊಳಗೆ ಸೇರಿಕೊಂಡವು. ಹಾಗೇ ಗಂಡ ಹೆಂಡತಿ ಇಬ್ಬರೂ ಬಸ್ಸು ಹತ್ತಿ ಹನೂರಿಗೆ ಬಂದರು.

ನನ್ನ ರೂಮಿಗೆ ಬಂದದ್ದು ಮಾತ್ರ ಮೂರು ಜನ. ಮೂರನೆಯವರು ನೀಟಾಗಿ ಇಸ್ತ್ರಿ ಅಂಗಿ ತೊಟ್ಟ ಒಬ್ಬರು ಗೃಹಸ್ಥರು. ನಿಂತಲ್ಲಿ ನಿಲ್ಲಲಾರದೆ ಕಂಕುಳು, ಕತ್ತು, ಬೆನ್ನು ಎಲ್ಲ ಕೆರೆದುಕೊಳ್ತಿದ್ದರು.

"ಇವರೂ ನಿಮ್ಮ ಕಡೆಯವರಾ?" ಅಂತ ರೈತರನ್ನು ಕೇಳಿದೆ.

"ಅಲ್ಲ ಕಣ್ರಿ ನರ್ಸಮ್ಮ. ಬಸ್ಸಲ್ಲಿ ಪಕ್ಕ ಕೂತಿದ್ರು, ಪಾಪ."

ಗೃಹಸ್ಥರಿಗೆ ಅಳುವೊಂದು ಬಾಕಿ. "ನಂಗ ಗಾಯನೂ ಇಲ್ಲ, ಜೇನೂ ಇಲ್ಲ ಸಿಸ್ಟರ್. ಅಷ್ಟು ರಶ್ಶಲ್ಲಿ ಇವ್ರ ಪಕ್ಕ ಒಂದೇ ಸೀಟು ಖಾಲಿ ಇತ್ತು. ಪುಣ್ಯ ಮಾಡಿದ್ದೆ ಅಂತ ಕೂತ್ಕಂಡೆ!"

ಗಾಯ ತೊಳೆದು ಕಟ್ಟಿದೆ, ಟಿ.ಟಿ. ಇಂಜೆಕ್ಷನ್ ಹಾಕಿದೆ. ಇಬ್ಬರಿಗೂ ಇರುವೆ ಕಚ್ಚಿದ ದದ್ದುಗಳಿಗೆ ಮುಲಾಮು ತೆಗೆಯೋಕೆ ತಿರುಗಿದೆ. ಅಷ್ಟರಲ್ಲಿ ರೈತರ ಹೆಂಡತಿ ಮಡಿಲಿನಿಂದ ಬಾಟಲಿ ಈಚೆ ತೆಗೆದರು.

"ಇರುವೆ ಕಡ್ದಿರದಕ್ಕೂ ಇದೇ ಆಯ್ತದಾ ನರ್ಸಮ್ಮ? ಎಂಗಿದ್ರೂ ತಕಂಡೇ ಬಂದಿವ್ನಿ. ಪಾಪ, ಅವ್ರಿಗೂ ಒಸಿ ಅಚ್ಚಬುಡಾನ."

ತಿರುಗಿ ನೋಡುವಷ್ಟರಲ್ಲಿ ಗೃಹಸ್ಥರು ಇರಲಿಲ್ಲ. ಬಾಗಿಲ ಹತ್ತಿರ ಅವರ ಒಂದು ಚಪ್ಪಲಿ ಮಾತ್ರ ಇತ್ತು.

ಅಸಲಿ ಮಾಲು

ಕೊಳ್ಳೇಗಾಲದಲ್ಲಿ ನಮ್ಮ ಕಾಂಪೌಂಡಿಗೆ ಅಂಟಿಕೊಂಡ ಮನೆಯಲ್ಲಿ ಒಬ್ಬ ರಿಟೈರ್ಡ್ ಮೇಷ್ಟ್ರಿದ್ದಾರೆ. ಪಾಠ ಮಾಡಿದ್ದು ವಿಜ್ಞಾನ. ರಿಟೈರಾದ ಮೇಲೆ ಪ್ರಯೋಗ ಮಾಡೋಕೆ ಏನೂ ಸಿಗದೆ ಕೈ ಕಡಿಯುತ್ತೆ ಅವರಿಗೆ.

ಒಂದು ಭಾನುವಾರ ಬೆಳಿಗ್ಗೆ ಅವರ ಸೊಸೆ ದೋಸೆ ಕಾವಲಿ ಮುಟ್ಟಿ ಬೆರಳು ಸುಟ್ಟುಕೊಂಡಳು. ಅತ್ತೆ ಗೂಡಿನಿಂದ ಜೇನಿನ ಬಾಟಲಿ ತಂದರು. ಬೆರಳಿಗೆ ಇನ್ನೇನು ಬಿಡಬೇಕು, ಮೇಷ್ಟ್ರು ಪೇಪರ್ ಮಡಚಿ ಎದ್ದು ಬಂದರು.

"ತಡಿ. ಎಲ್ಲಿ ತಗೊಂಡಿದ್ದು ಇದನ್ನ?"

"ಬಕೆಟ್ಟಲ್ಲಿ ಜೇನುತಟ್ಟಿ ಸಮೇತ ಇಟ್ಕೊಂಡು ಬೀದಿಲಿ ಕೂಗ್ಕೊಂಡು ಬಂದಿದ್ದನಲ್ಲ, ಅವನ ಹತ್ರ."

"ನೋಡಿದ್ಯಾ! ಬೆಲ್ಲದ ಪಾಕ ಇರಬಹುದು. ಪರೀಕ್ಷೆ ಮಾಡದೆ ಹಚ್ಚಬಾರದು."

ಸೊಸೆ ಜಾಣೆ. ಈ ಮನೆಯಲ್ಲಿ ಪರೀಕ್ಷೆ ಅಂದರೆ ಎಷ್ಟು ಹೊತ್ತು ಅನ್ನೋದು ಅವಳಿಗೆ ಗೊತ್ತು. ಹಿತ್ತಲ ನಲ್ಲಿ ತಿರುಗಿಸಿ ಬೆರಳಿಟ್ಟು ನಿಂತಳು. ಸುಟ್ಟ ಗಾಯಕ್ಕೆ ಅದೇ ಸರಿ. ನಾನು ಗೋಡೆಯಾಚೆ ಬಟ್ಟೆ ಒಣಗಿಸ್ತಾ ಇದ್ದವಳು, "ಹಾಗೇ ಇಟ್ಕೊಂಡಿರಮ್ಮ, ಬೇಗ ತೆಗೀಬೇಡ" ಅಂದೆ.

ಮೇಷ್ಟ್ರು ಗಾಜಿನ ಲೋಟದಲ್ಲಿ ನೀರು ತರಿಸಿ ಜೇನು ಬಿಟ್ಟರು. ತಳಕ್ಕೆ ಹೋಗಿ ಕೂತಿತು. "ಅಸಲಿ" ಅಂದರು. ಪೇಪರಿನ ಮೇಲೆ ಬಿಟ್ಟರು. ಹೀರಿಕೊಂಡಿತು. "ನಕಲಿ" ಅಂದರು. ಇಬ್ಬರು ಸಾಕ್ಷಿ ಎರಡು ಥರ ಹೇಳಿದರೆ ಮೂರನೆಯವರನ್ನು ಕೇಳಬೇಕಲ್ಲ, ಬೀದಿನಾಯಿಯನ್ನು ಕರೆದರು. ಅಸಲಿ ಜೇನನ್ನು ನಾಯಿ ಮೂಸೋದಿಲ್ಲ ಅಂತ ಅವರಿಗೆ ಯಾರೋ ಹೇಳಿದ್ದರಂತೆ. ನಾಯಿ ತಟ್ಟೆಗೆ ಬಿಟ್ಟದ್ದನ್ನು ನೆಕ್ಕಿತು, ಚಮಚ ನೆಕ್ಕಿತು, ಬಾಲ ಆಡಿಸಿಕೊಂಡು ಬಾಟಲಿ ಕಡೆ ನೋಡಿತು.

"ನಕಲಿ ಅಂದಂಗಾಯ್ತು ಬಿಡಿ" ಅಂದರು ಅವರ ಹೆಂಡತಿ.

"ನಾಯಿ ಮಾತು ಕೇಳಿ ತೀರ್ಮಾನ ಮಾಡೋಕಾಗಲ್ಲ. ಬೆಂಕಿಪೊಟ್ಟಣ ತಗೊಂಬಾ."

ಕಡ್ಡಿಯ ತಲೆಯನ್ನು ಜೇನಿನಲ್ಲಿ ಅದ್ದಿ ಗೀರಬೇಕು, ಹತ್ತಿಕೊಂಡರೆ ಅಸಲಿ ಅಂತ ಲೆಕ್ಕ. ಗೀರಿದರು, ಹತ್ತಲಿಲ್ಲ. ಇನ್ನೊಂದು ಗೀರಿದರು, ಹತ್ತಲಿಲ್ಲ. ಹಟ ಬಂತು. ಒಂದು ಹಿಡಿ ಕಡ್ಡಿ ಒಟ್ಟಿಗೆ ಹಿಡಿದು ಅದ್ದಿ ಜೋರಾಗಿ ಗೀರಿದರು. ಭಗ್ ಅಂತ ಹತ್ತಿಕೊಂಡಿತು. ಕಡ್ಡಿಯೂ ಹತ್ತಿತು, ಹೆಬ್ಬೆರಳೂ ಹತ್ತಿತು.

"ಅಯ್ಯಯ್ಯಪ್ಪಾ! ಜೇನು! ಜೇನು ತಾರೇ!"

ಅವರ ಹೆಂಡತಿ ಬಾಟಲಿಯನ್ನು ತಲೆಕೆಳಗೆ ಮಾಡಿ ತೋರಿಸಿದರು. "ಎಲ್ಲಿಂದ ತರ್ಲಿ? ಅರ್ಧ ನೀರು ಕುಡೀತು, ಅರ್ಧ ನಾಯಿ ತಿಂತು."

ಸೊಸೆ ನಲ್ಲಿ ಹತ್ತಿರ ಸ್ವಲ್ಪ ಸರಿದು ಜಾಗ ಬಿಟ್ಟಳು. "ಬನ್ನಿ ಮಾವ. ನೀರು ತಣ್ಣಗೆ ಬರ್ತಾ ಇದೆ."

ಮೇಷ್ಟ್ರು ಹೋಗಿ ಸೊಸೆ ಬೆರಳಿನ ಪಕ್ಕ ತಮ್ಮ ಬೆರಳೂ ಇಟ್ಟು ನಿಂತರು. ಕಣ್ಣಲ್ಲಿ ನೀರು ತುಂಬಿತ್ತು. ಆದರೂ ಗೋಡೆಯಾಚೆ ನನ್ನ ಕಡೆ ತಿರುಗಿ, "ಏನೇ ಹೇಳಿ ಸಿಸ್ಟರ್, ಕಡ್ಡಿ ಹತ್ತಿಕೊಳ್ತು. ಮಾಲು ಅಸಲಿ!" ಅಂದರು.

ಮಾತು ಬಿಟ್ಟ ದಿನ

ಇದು ನಾನು ಯಳಂದೂರು ಕಡೆ ಇದ್ದಾಗಿನದು. ಅಗರದವರೊಬ್ಬರನ್ನು ತಮ್ಮ ಸ್ಕೂಟರಿನ ಹಿಂದೆ ಕೂರಿಸಿಕೊಂಡು ಪಕ್ಕದ ಮನೆಯವರು ಕರೆತಂದರು. ಆಟೋದಲ್ಲಿ ಅವರ ಹೆಂಡತಿ ಹಿಂದೆಯೇ ಬಂದರು. ಮನುಷ್ಯನ ಮುಖ ಕುಂಬಳಕಾಯಿ ಹಾಗೆ ಊದಿಹೋಗಿತ್ತು. ಕಣ್ಣು ಎರಡು ಗೀರು. ತುಟಿ ಅಂತೂ ಯಾರದೋ ತಂದು ಅಂಟಿಸಿದ ಹಾಗಿತ್ತು.

ಜೇನುಹುಳ ಕಡಿದಿತ್ತು. ಡಾಕ್ಟರು ನೋಡಿ, ಇಂಜೆಕ್ಷನ್ ಬರೆದು, ಉಸಿರು ಸರಿಯಾಗಿದೆ, ಹೆದರೋದು ಬೇಡ, ಆದರೂ ಸಾಯಂಕಾಲದವರೆಗೆ ಕಣ್ಣ ಮುಂದೆ ಇರಲಿ ಅಂದರು. ನಾನು ಮುಳ್ಳು ಕೀಳ್ತಾ ಕೂತೆ. ಗಾಬರಿ ಇಳಿದ ಮೇಲೆ ಪಕ್ಕದ ಮನೆಯವರನ್ನು ಕೇಳಿದೆ, "ಹುಳಕ್ಕೆ ಇವರು ಯಾಕೆ ಕೈ ಹಾಕೋಕೆ ಹೋದ್ರು?"

"ಕಾಲ್ಗೆ ಜಾಲಿಮುಳ್ಳು ಚುಚ್ಚಿತ್ತು ಸಿಸ್ಟರೇ. ಕಿತ್ತು ಬಿಸಾಕುದ್ರು. ಒಸಿ ರಕ್ತ ಬಂತು. ಜೇನು ಅಚ್ಚಾನ ಅಂತ ಪಂಪ್‌ಸೆಟ್ ಮನೆ ಸೂರಲ್ಲಿ ಕಟ್ಟಿತ್ತಲ್ಲ, ಅದಕ್ಕೆ ಏಣಿ ಆಕುದ್ರು. ನಾನೇ ಏಣಿ ಇಡ್ಕಂಡಿದ್ದು."

"ಅಷ್ಟು ಚಿಕ್ಕ ಗಾಯಕ್ಕೆ ಗೂಡಿಗೇ ಕೈ ಹಾಕೋದಾ? ಮನೇಲಿ ಜೇನಿರಲಿಲ್ವಾ?"

ಕಡಿಸಿಕೊಂಡವರ ಹೆಂಡತಿ ಅಷ್ಟು ಹೊತ್ತೂ ಗೋಡೆ ಕಡೆ ಮುಖ ಮಾಡಿ ಕೂತಿದ್ದರು. ಈಗ ತಿರುಗಿದರು.

"ಇರ್ನಿಲ್ವಾ? ಗೋಡೆ ಗೂಡಲ್ಲಿ ಬಾಟ್ಲಿ ತುಂಬಾ ಅದೆ! ಒಂದು ಮಾತು ಕೇಳಿದ್ರೆ ಕೊಡ್ತಿರ್ನಿಲ್ವಾ ನಾನು? ಬೆಳಗ್ಗೆ ಉಪ್ಸಾರಲ್ಲಿ ಉಪ್ಪಿಲ್ಲ ಅಂತ ಜಗಳ ಆಡುದ್ರು. 'ಇನ್ಮೇಲೆ ನಿನ್ನ ಮಾತಾಡಿಸಿದ್ರೆ ಕೇಳು' ಅಂತ ಒಲಕ್ಕೆ ಎದ್ದು ಓದ್ರು. ನಾನು ಮಾತಾಡಿಸಕ್ಕೆ ಓಗ್ನಿಲ್ಲ. ಮನೆಗೆ ಬಂದ್ರು, ಗೂಡಿನ ಕಡೆ ನೋಡುದ್ರು, ನನ್ನ ನೋಡುದ್ರು, ಏಣಿ ಎತ್ಕಂಡು ಓದ್ರು."

ಪಕ್ಕದ ಮನೆಯವರು ಬೆರಗಾದರು. "ಅಲ್ಲಪ್ಪಾ, ನಂಗಾದ್ರೂ ಏಳಿದ್ರೆ ನಾನು ಕೇಳಿ ಈಸ್ಕೊಡ್ತಿದ್ನಲ್ಲಾ!"

ಯಜಮಾನರು ಏನೋ ಹೇಳೋಕೆ ಬಾಯಿ ತೆರೆದರು. ಆ ತುಟಿಯಲ್ಲಿ "ಉಂ... ಬುಂ..." ಅಂತ ಬಂತೇ ಹೊರತು ಒಂದಕ್ಷರ ಹೊರಡಲಿಲ್ಲ.

ಹೆಂಡತಿ ಸೆರಗಿನಿಂದ ಅವರ ಹಣೆ ಬೆವರು ಒರೆಸಿದರು. ಕಣ್ಣಲ್ಲಿ ನೀರಿತ್ತು, ತುಟಿಯಲ್ಲಿ ನಗು ತಡೆಯೋಕಾಗ್ತಿರಲಿಲ್ಲ. "ಈಗ ಮಾತಾಡ್ಸಿ ನೋಡಾನ. ಬೇಕು ಅಂದ್ರೂ ಆಗಾಕಿಲ್ಲ!"

ಎದ್ದು ಬಂದ ಕುರ್ಚಿ

ನನ್ನ ಚಿಕ್ಕಮ್ಮನ ಮಗ ಕೊಳ್ಳೇಗಾಲದಲ್ಲಿ ಮೋಟಾರ್ ರಿಪೇರಿ ಅಂಗಡಿ ಇಟ್ಟುಕೊಂಡಿದ್ದಾನೆ. ಆಳು ದಪ್ಪ, ಮನಸ್ಸು ಮೆತ್ತಗೆ, ನಾಚಿಕೆ ಜಾಸ್ತಿ. ನೋಡಿದ ಹೆಣ್ಣೆಲ್ಲ ಒಂದಲ್ಲ ಒಂದು ನೆಪದಲ್ಲಿ ತಪ್ಪಿಹೋಗಿ ಚಿಕ್ಕಮ್ಮ ಸೋತುಹೋಗಿದ್ದರು. ಕೊನೆಗೆ ಮಾಂಬಳ್ಳಿಯಲ್ಲಿ ಒಂದು ಒಳ್ಳೆ ಸಂಬಂಧ ಕೂಡಿಬಂತು. ಫೋಟೋ ನೋಡಿ ಇವನು ಅಂಗಡಿಯಲ್ಲಿ ಕೂತಲ್ಲೇ ನಗೋಕೆ ಶುರು ಮಾಡಿದ. ಚಿಕ್ಕಮ್ಮ ನನಗೆ ಫೋನ್ ಮಾಡಿ, "ನೀನೂ ಬಾರೆ. ನಾಲ್ಕು ಮಾತು ಆಡೋರು ಒಬ್ಬರಿರಲಿ" ಅಂದರು.

ಹೊರಡೋ ಹಿಂದಿನ ದಿನ ಜಲ್ಲಿ ಸುರಿದ ರಸ್ತೆಯಲ್ಲಿ ಬೈಕು ಜಾರಿ ಇವನು ಕೂತ ಭಂಗಿಯಲ್ಲೇ ಒಂದಷ್ಟು ದೂರ ಉಜ್ಜಿಕೊಂಡು ಹೋಗಿದ್ದ. ಎಲ್ಲಿ ತರಚಿತು ಅಂತ ಬಿಡಿಸಿ ಹೇಳಬೇಕಾಗಿಲ್ಲ. ನನಗೆ ಹೇಳಲಿಲ್ಲ. "ಅಕ್ಕನ ಹತ್ರ ಅಲ್ಲೆಲ್ಲ ತೋರ್ಸಕ್ಕಾಗಲ್ಲ" ಅಂದನಂತೆ ಅವರಮ್ಮನಿಗೆ. ಅವರು ಹೊರಡೋ ಬೆಳಿಗ್ಗೆ ಜೇನಿನ ಬಾಟಲಿ ಕೊಟ್ಟು ಬಚ್ಚಲಿಗೆ ಕಳಿಸಿದ್ದಾರೆ. ಕಣ್ಣಿಗೆ ಕಾಣದ ಜಾಗ, ಅಂದಾಜಿನ ಮೇಲೆ ಕೈಗೆ ಸಿಕ್ಕಲ್ಲೆಲ್ಲ ಬಳಿದುಕೊಂಡು, ಮೇಲೆ ಹೊಸ ಪ್ಯಾಂಟು ಹಾಕಿಕೊಂಡು ಬಂದ.

ಕಾರಿನಲ್ಲಿ ಒಂದು ಕಡೆಗೆ ವಾಲಿ ಕೂತಿದ್ದ. "ಯಾಕೋ?" ಅಂದೆ. "ಏನಿಲ್ಲಕ್ಕ, ಗಾಳಿ ಬರ್ಲಿ ಅಂತ" ಅಂದ.

ಮಾಂಬಳ್ಳಿಯವರು ಮರ್ಯಾದಸ್ಥರು. ಹಜಾರದಲ್ಲಿ ಹೊಸ ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಕೈ ಇರೋ ಕುರ್ಚಿಗಳು. ಇವನ ಮೈಗೆ ಬಿಗಿಯಾಯ್ತು, ಆದರೂ ತೂರಿಕೊಂಡು ಕೂತ. ಉಪ್ಪಿಟ್ಟು ಬಂತು, ಕೇಸರಿಬಾತು ಬಂತು. ಹಿರಿಯರು ಯಾರಿಗೆ ಯಾರು ನೆಂಟರು ಅಂತ ಎಳೆ ಬಿಡಿಸೋಕೆ ಕೂತರು. ಬಿಸಿಲು ಏರಿತು. ಮೊದಲು ನಾನು ಗಮನಿಸಿದ್ದು ನೊಣಗಳನ್ನು. ಕೇಸರಿಬಾತಿನ ತಟ್ಟೆ ಬಿಟ್ಟು ಎಲ್ಲ ಇವನ ಕುರ್ಚಿಯ ಕೆಳಗೆ ಸೇರ್ತಾ ಇದ್ದವು. ಕಣ್ಣಲ್ಲೇ ಏನು ಅಂತ ಕೇಳಿದೆ. ಅವನು ಕಣ್ಣಲ್ಲೇ ಕೈ ಮುಗಿದ.

ಹುಡುಗಿ ಕಾಫಿ ತಂದಳು. ಲಕ್ಷಣವಾದ ಹುಡುಗಿ. ಇವನು ತಲೆ ಎತ್ತಿ ನೋಡಿದ, ಕೆಂಪಾದ, ಕಾಫಿ ತಗೊಂಡ. ಎಲ್ಲ ಸರಿಯಾಗಿ ನಡೀತಿದೆ ಅನ್ನುವಾಗ ಹುಡುಗಿಯ ತಾತ ಹೊರಗಿಂದ ಕೋಲೂರಿಕೊಂಡು ಬಂದರು. ಎಲ್ಲರೂ ಎದ್ದರು. ಇವನೂ ಕೈ ಮುಗಿದು ಎದ್ದ. ಜೊತೆಗೆ ಕುರ್ಚಿಯೂ ಎದ್ದಿತು.

 ಒಣಗಿದ ಜೇನು ಹಿಂದೆ ಹಿಡಿದಿದೆ, ಕುರ್ಚಿಯ ಕೈಗಳು ಎರಡು ಪಕ್ಕ ಹಿಡಿದಿವೆ. ಬೆನ್ನ ಮೇಲೆ ಚಿಪ್ಪು ಹೊತ್ತ ಆಮೆಯ ಹಾಗೆ ಇವನು ಮುಂದಕ್ಕೆ ಬಾಗಿ ನಿಂತಿದ್ದಾನೆ. ಮುಗಿದ ಕೈ ಮಾತ್ರ ಬಿಟ್ಟಿಲ್ಲ.

ತಾತನಿಗೆ ಕಣ್ಣು ಮಂಜು. ಕೈ ಹಣೆಗೆ ಅಡ್ಡ ಹಿಡಿದು ನೋಡಿ, ಮಗನ ಕಡೆ ತಿರುಗಿ ಗದರಿದರು. "ಇದ್ಯಾಕ್ಲಾ, ಬೀಗರು ಕುರ್ಚಿ ಒತ್ಕಂಡು ಬಂದವ್ರೆ? ನಮ್ಮನೇಲಿ ಇರ್ನಿಲ್ವಾ?"

"ಅದು ನಮ್ಮದೇ ಕಣಪ್ಪ," ಅಂದರು ಹುಡುಗಿಯ ಅಪ್ಪ ಮೆಲ್ಲಗೆ.

"ನಮ್ಮದಾ? ಮತ್ಯಾಕೆ ಎತ್ಕಂಡು ಓಯ್ತಾವ್ರೆ?"

ಚಿಕ್ಕಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಅಳ್ತಿದ್ದರೋ ನಗ್ತಿದ್ದರೋ ಈವತ್ತಿಗೂ ನನಗೆ ಗೊತ್ತಿಲ್ಲ. ನಾನು ಒಂದು ಕಾಲು ಹಿಡಿದೆ, ಹುಡುಗಿಯ ಅಮ್ಮ ಇನ್ನೊಂದು ಕಾಲು ಹಿಡಿದರು. ಕುರ್ಚಿಯ ಕಾಲು. ಎಳೆದೆವು. ಕುರ್ಚಿ ಬಂತು, ಪರ್ ಅಂತ ಒಂದು ಸದ್ದೂ ಬಂತು. ಕುರ್ಚಿಗೆ ಏನೂ ಆಗಿರಲಿಲ್ಲ. ತಾತ ತಮ್ಮ ಹೆಗಲ ಟವಲ್ ತೆಗೆದು ಕೊಟ್ಟರು. ಅದನ್ನು ಸೊಂಟಕ್ಕೆ ಸುತ್ತಿಕೊಂಡು ಇವನು ಹಿಮ್ಮುಖವಾಗಿ ನಡೆದು ಕಾರು ಸೇರಿಕೊಂಡ.

ವಾಪಸ್ ಬರೋ ದಾರಿಯಲ್ಲಿ ಇವನು ಕಿಟಕಿ ಕಡೆ ತಿರುಗಿ ಕಣ್ಣೊರೆಸಿಕೊಂಡ. ಇದೂ ಹೋಯ್ತು ಅಂತಲೇ ಅಂದುಕೊಂಡಿದ್ದೆವು. ಮಾರನೇ ದಿನ ಫೋನ್ ಬಂತು: ಹುಡುಗಿ ಒಪ್ಪಿದ್ದಾಳೆ.

ಮದುವೆಯಾದ ಮೇಲೆ ಒಮ್ಮೆ ಅವಳನ್ನೇ ಕೇಳಿದೆ, "ಅಷ್ಟೆಲ್ಲ ಆದ್ಮೇಲೂ ಅದು ಹೇಗಮ್ಮ ಒಪ್ಪಿದೆ?"

"ನನ್ನ ನೋಡೋಕೆ ಬಂದೋರೆಲ್ಲ ಕಾಫಿ ಕುಡಿದು, 'ಹೇಳಿ ಕಳಿಸ್ತೀವಿ' ಅಂತ ಎದ್ದು ಹೋಗ್ತಿದ್ರು ಅಕ್ಕ" ಅಂದಳು. "ಇವರೊಬ್ಬರೇ ಏಳೋಕೆ ಆಗದೇ ಇದ್ದೋರು."

ಕೆಂಪು, ಒಳ್ಳೆ ಕೆಂಪು

ಇದನ್ನು ಹೇಳೋದಕ್ಕೆ ಮೊದಲು ಸ್ವಲ್ಪ ತಮಿಳು ಹೇಳಬೇಕು. ಹನೂರಿನಿಂದ ಆಚೆಗೆ ಹೋದ ಹಾಗೆ ಮನೆಯಲ್ಲಿ ತಮಿಳು, ಸಂತೆಯಲ್ಲಿ ಕನ್ನಡ ಆಡುವ ಊರುಗಳಿವೆ. ತಮಿಳಿನಲ್ಲಿ ತೇನ್ ಅಂದರೆ ಜೇನು, ತೇಳ್ ಅಂದರೆ ಚೇಳು. 'ಕೊಟ್ಟಿಡ್ಚು' ಅಂದರೆ ಕುಟುಕಿತು ಅಂತಲೂ ಆಗುತ್ತೆ, ಚೆಲ್ಲಿಹೋಯ್ತು ಅಂತಲೂ ಆಗುತ್ತೆ. ಹಲ್ಲಿರೋರ ಬಾಯಲ್ಲಿ ತೇನ್ ಯಾವುದು, ತೇಳ್ ಯಾವುದು ಅಂತ ಸ್ಪಷ್ಟವಾಗಿ ಗೊತ್ತಾಗುತ್ತೆ. ಹಲ್ಲಿಲ್ಲದೋರ ಬಾಯಲ್ಲಿ ಗೊತ್ತಾಗೋದಿಲ್ಲ. ಇಷ್ಟು ನೆನಪಿಟ್ಟುಕೊಳ್ಳಿ.

ಒಂದು ಮಧ್ಯಾಹ್ನ ಹಲ್ಲಿಲ್ಲದ ಒಬ್ಬ ಅಜ್ಜಿಯನ್ನು ಯಾರೋ ಮೊಪೆಡ್ಡಿನಲ್ಲಿ ತಂದು ಇಳಿಸಿ ಹೋದರು. ಅಜ್ಜಿ ಕುಂಟಿಕೊಂಡು ಒಳಗೆ ಬಂದು, ಬಲಗಾಲಿನ ಹೆಬ್ಬೆರಳು ತೋರಿಸಿ, "ಅಯ್ಯೋ ಸಾಮಿ, ತೇ... ಕೊಟ್ಟಿಡ್ಚು! ತೇ... ಕೊಟ್ಟಿಡ್ಚು!" ಅಂತ ಗೋಳಾಡಿದರು. ಬೆರಳು ಊದಿ ಕೆಂಪಾಗಿತ್ತು.

ಡಾಕ್ಟರು ಹೊಸಬರು, ಹುಬ್ಬಳ್ಳಿ ಕಡೆಯವರು. ತಮಿಳು ಒಂದಕ್ಷರ ಬಾರದು. ನಾನು ಒಳಗಡೆ ಒಬ್ಬರಿಗೆ ಡ್ರಿಪ್ ಹಾಕ್ತಾ ಇದ್ದೆ. ಹಾಗಾಗಿ ಭಾಷಾಂತರಕ್ಕೆ ಬಂದದ್ದು ನಮ್ಮ ಆಂಬುಲೆನ್ಸ್ ಡ್ರೈವರು. ಹಿಂದೆ ಸತ್ಯಮಂಗಲಕ್ಕೆ ಲಾರಿ ಓಡಿಸ್ತಿದ್ದೆ, ತಮಿಳು ನಂಗ ನೀರು ಕುಡಿದಂಗೆ ಅನ್ನೋ ಆಸಾಮಿ.

"ಚೇಳು ಕುಟುಕಿಬುಟ್ಟದೆ ಸಾ!" ಅಂದ.

ಡಾಕ್ಟರು ಎದ್ದೇ ಬಿಟ್ಟರು. ಅಜ್ಜಿಯನ್ನು ಮಂಚದ ಮೇಲೆ ಮಲಗಿಸಿ, ನಾಡಿ ಹಿಡಿದು, ಬಿ.ಪಿ. ನೋಡೋಕೆ ಪಟ್ಟಿ ಕಟ್ಟಿದರು. ಅಜ್ಜಿಗೆ ಕನ್ನಡ ಅಷ್ಟಿಷ್ಟು ಬರ್ತಿತ್ತು. ಡಾಕ್ಟರು ತಾವೇ ಕೇಳೋಕೆ ಶುರು ಮಾಡಿದರು.

"ಎಲ್ಲಿ ಅಜ್ಜಿ? ಹೊಲದಾಗೋ ಮನ್ಯಾಗೋ?"

"ಮನೇಲಿ ಸಾಮಿ. ಅಡುಗೆಮನೇಲಿ."

"ಯಾವ ಬಣ್ಣ? ಕರೀದೋ ಕೆಂಪೋ?"

"ಕೆಂಪು ಸಾಮಿ. ಒಳ್ಳೆ ಕೆಂಪು."

ಡಾಕ್ಟರ ಮುಖ ಗಂಭೀರವಾಯ್ತು. ಚೇಳಿನಲ್ಲಿ ಕೆಂಪು ಕೆಟ್ಟದ್ದು. "ಸಣ್ಣದೋ ದೊಡ್ಡದೋ?"

"ಬಾಟ್ಲಿ, ಪೆರಿಸು ಬಾಟ್ಲಿ!"

"ದೊಡ್ಡ ಬಾಟ್ಲಿಯಷ್ಟು ಉದ್ದ ಇತ್ತಂತೆ ಸಾ!" ಅಂತ ಡ್ರೈವರು ಕೈ ಅಗಲಿಸಿ ತೋರಿಸಿದ.

"ಬಾಟ್ಲಿಯಷ್ಟಾ? ಹೊಡದು ಹಾಕಿದ್ರೇನು ಅದನ್ನ?"

ಅಜ್ಜಿಗೆ ಆಶ್ಚರ್ಯ. "ಯಾಕೆ ಸಾಮಿ ಒಡೀಬೇಕು? ಸೊಸೆ ಬಳಿದು ಬಳಿದು ಡಬ್ಬಕ್ಕೆ ತುಂಬ್ತಾವ್ಳೆ."

"ತುಂಬಾಕ ಹತ್ಯಾಳ? ಬರೇ ಕೈಲೆ?"

"ಬರೀ ಕೈಲೇ. ಮೊಮ್ಮಕ್ಕಳು ಸ್ಕೂಲಿಂದ ಬಂದು ಸುತ್ತ ಕೂತವೆ. ಬೆರಳಲ್ಲಿ ಎತ್ತಿ ಎತ್ತಿ ನೆಕ್ತವೆ."

ಡಾಕ್ಟರು ಬೆವತರು. "ಡ್ರೈವರ್, ಗಾಡಿ ತಗಿ! ಮನೀಗೆ ಹೋಗು, ಎಲ್ಲಾರನ್ನೂ ಕರಕೊಂಡು ಬಾ, ಒಬ್ಬರನ್ನೂ ಬಿಡಬ್ಯಾಡ!" ಅಂತ ಕೂಗಿದರು. ಡ್ರೈವರು ಅಜ್ಜಿಯಿಂದ ಊರು, ಬೀದಿ ಕೇಳಿಕೊಂಡು ಓಡಿದ. ಸೈರನ್ ಕೂಗಿಕೊಂಡು ಆಂಬುಲೆನ್ಸ್ ಹೊರಟಿತು.

ಆ ಗಲಾಟೆಗೆ ನಾನು ಹೊರಗೆ ಬಂದೆ. ಡಾಕ್ಟರು ಅಜ್ಜಿಯ ಕೈ ಹಿಡಿದು, "ಅಜ್ಜಿ, ಖರೇ ಹೇಳ್ರಿ. ನೀವೇನಾದ್ರೂ ಬಾಯಾಗ ಹಾಕ್ಕೊಂಡ್ರೇನು?" ಅಂತಿದ್ದರು.

ಅಜ್ಜಿ ನಾಚಿಕೊಂಡರು. "ನಾನೂ ಒಸಿ ನೆಕ್ಕಿದೆ ಸಾಮಿ. ಚೆಲ್ಲಿದ್ದು ಯಾಕೆ ಹಾಳಾಗ್ಬೇಕು? ಬಲೇ ಇನಿಪ್ಪು."

ಇನಿಪ್ಪು ಅಂದರೆ ಸಿಹಿ ಅನ್ನೋದು ನನಗೆ ಗೊತ್ತಿತ್ತು. ಹೋಗಿ ಕಾಲು ನೋಡಿದೆ. ಹೆಬ್ಬೆರಳು ಮಿರಮಿರ ಹೊಳೀತಿತ್ತು. ಮುಟ್ಟಿದೆ. ಗ್ಲೌಸು ಅಂಟಿತು.

"ಸರ್," ಅಂದೆ, "ಇದು ಚೇಳಲ್ಲ. ಜೇನು."

ಗೂಡಿನಿಂದ ಜೇನಿನ ದೊಡ್ಡ ಬಾಟಲಿ ತೆಗೆಯುವಾಗ ಅದು ಅಜ್ಜಿಯ ಕೈ ಜಾರಿ ಕಾಲ ಮೇಲೆ ಬಿದ್ದಿತ್ತು. ಬಾಟಲಿ ಒಡೆಯಲಿಲ್ಲ, ಮುಚ್ಚಳ ಹಾರಿ ಜೇನೆಲ್ಲ ನೆಲದ ಪಾಲಾಯ್ತು. ಬೆರಳು ಜಜ್ಜಿತು. ಚೆಲ್ಲಿದ ಅದೇ ಜೇನನ್ನು ಒಂದಿಷ್ಟು ಬೆರಳಿಗೆ ಬಳಿದುಕೊಂಡು, ನೋವು ತಡೆಯೋಕಾಗದೆ ಆಸ್ಪತ್ರೆಗೆ ಬಂದಿದ್ದರು. ಮೂಳೆಗೆ ಏನೂ ಆಗಿರಲಿಲ್ಲ. ಡಾಕ್ಟರು ಕುರ್ಚಿಯಲ್ಲಿ ಕುಸಿದು ಕೂತು ಒಂದು ಲೋಟ ನೀರು ಕುಡಿದರು.

ಅಷ್ಟರಲ್ಲಿ ಸೈರನ್ ವಾಪಸ್ ಬಂತು. ಆಂಬುಲೆನ್ಸಿನ ಬಾಗಿಲು ತೆರೆದುಕೊಂಡಿತು. ಮೊಣಕೈವರೆಗೆ ಜೇನು ಮೆತ್ತಿಕೊಂಡ ಸೊಸೆ ಇಳಿದಳು. ಬೆರಳು ಚೀಪುತ್ತಾ ಮೊಮ್ಮಕ್ಕಳು ಇಳಿದವು. ಕಡೆಗೆ ಡ್ರೈವರು ಡಬ್ಬವನ್ನು ಕೈ ನೀಡಿ ದೂರ ಹಿಡಿದುಕೊಂಡು ಇಳಿದ. ಯಾರನ್ನೂ ಬಿಡಬೇಡ ಅಂದಿದ್ದರಲ್ಲ, ಅದನ್ನೂ ತಂದಿದ್ದ. ಮುಚ್ಚಳ ತೆಗೆಯೋ ಧೈರ್ಯ ಮಾತ್ರ ಬಂದಿರಲಿಲ್ಲ.

ಸೊಸೆ ಉರಿದುಬಿದ್ದಳು. "ಅತ್ತೆ, ಏನಿದೆಲ್ಲ? ಜೇನು ಚೆಲ್ಲಿದ್ದಕ್ಕೆ ಆಂಬುಲೆನ್ಸ್ ಕಳಿಸಾದಾ? ಊರೆಲ್ಲ ಬೀದಿಗೆ ಬಂದು ನಿಂತದೆ!"

ಅಜ್ಜಿ ಮಂಚದ ಮೇಲೆ ನೆಟ್ಟಗೆ ಕೂತರು. ಬೆವತು ಸುಸ್ತಾಗಿ ಕೂತಿದ್ದ ಡಾಕ್ಟರ ಕಡೆ ಕೈ ತೋರಿಸಿ, ವಾರ್ಡಿಗೆಲ್ಲ ಕೇಳೋ ಹಾಗೆ ಹೇಳಿದರು:

"ನೋಡ್ಕೋ! ಒಂದು ಬಾಟ್ಲಿ ಜೇನು ಚೆಲ್ಲಿದ್ದಕ್ಕೆ ನೀನು ನನ್ನ ಆ ಪಾಟಿ ಬೈದೆ. ಈ ಸಾಮಿ ಎಲ್ಲಿಯವರೋ, ಯಾರ ಮಗನೋ. ನಮ್ಮ ಜೇನು ಓಯ್ತು ಅಂತ ಎಷ್ಟು ಸಂಕಟ ಪಟ್ರು!"